ಮೂರನೇ ಮೆಟ್ಟಿಲಿನ ಮುಂದಾಳು

ಇಂಗಿನ ಡಬ್ಬಿಯ ಮುಚ್ಚಳ ತೆಗೆದಾಗ ನಿಮಗೆ ಏನು ನೆನಪಾಗುತ್ತದೋ ನನಗೆ ತಿಳಿಯದು. ಬಹಳ ಮಂದಿಗೆ ಒಗ್ಗರಣೆ ಹಾಕಿದ ಸಾರು ನೆನಪಾಗುತ್ತದಂತೆ, ಕೆಲವರಿಗೆ ಪುಳಿಯೋಗರೆ. ನನಗೆ ನಮ್ಮ ತಾತನ ಎಡಗಾಲು ನೆನಪಾಗುತ್ತದೆ. ಹೇಳಿದರೆ ನಗುತ್ತೀರಿ, ನನ್ನ ಹೆಂಡತಿಯೂ ನಗುತ್ತಾಳೆ. ಹಿಂದೂಪುರದ ಪೇಟೆಯಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ, ಸಂಬಾರದ ಸಾಮಾನು ಮಾರಿಕೊಂಡು ಬದುಕುವವನಿಗೆ ದಿನಕ್ಕೆ ನಾಲ್ಕು ಸಲವಾದರೂ ಆ ಮುಚ್ಚಳ ತೆಗೆಯುವ ಯೋಗ. ನಾಲ್ಕು ಸಲವೂ ತಾತ ಬಂದು ಗೋಣಿಚೀಲದ ಮೇಲೆ ಕಾಲು ಚಾಚಿ ಕುಳಿತು, ಗಿರಾಕಿ ಹೋದ ಮೇಲೆ ತಾನೂ ಎದ್ದು ಹೋಗುತ್ತಾನೆ.

ಕಾರಣ ಇಷ್ಟೇ. ನಮ್ಮ ಕಡೆ ಆಗ ನಾರು ಹುಣ್ಣಿಗೆ ಇಂಗೇ ಔಷಧ. ಬೆಲ್ಲದ ಉಂಡೆಯೊಳಗೆ ಕಡಲೆಕಾಳಿನಷ್ಟು ಇಂಗು ಹುದುಗಿಸಿ ಮೂರು ಬೆಳಿಗ್ಗೆ ನುಂಗಿಸುತ್ತಿದ್ದರು. ಅದರಿಂದ ಹುಳ ಸಾಯುತ್ತಿತ್ತೋ ಇಲ್ಲವೋ ದೇವರೇ ಬಲ್ಲ, ಮನೆಯಲ್ಲಿ ಉಳಿದವರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದುದು ಮಾತ್ರ ನಿಜ. ಈ ಹುಣ್ಣನ್ನು ಕಾಣದವರು ಪುಣ್ಯವಂತರು, ಅವರಿಗಾಗಿ ಎರಡು ಮಾತು. ಮೊದಲು ಕಾಲಿನಲ್ಲಿ ಒಂದು ಬೊಬ್ಬೆ ಏಳುತ್ತದೆ, ಕೆಂಡ ತಗುಲಿದ ಹಾಗೆ ಉರಿಯುತ್ತದೆ. ಅದು ಒಡೆದ ಮೇಲೆ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಮೊಳದುದ್ದ, ಕೆಲವು ಸಲ ಇನ್ನೂ ಉದ್ದ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಮಾತ್ರ ಹೊರಗೆ ತೆಗೆದು, ಕಡ್ಡಿಯನ್ನು ಕಾಲಿಗೇ ಕಟ್ಟಿ ಬಿಡಬೇಕು. ಅವಸರಪಟ್ಟು ಎಳೆದರೆ ತುಂಡಾಗುತ್ತದೆ. ತುಂಡಾದರೆ ಒಳಗೇ ಕೀವಾಗಿ ಕಾಲು ಬಾತುಕೊಳ್ಳುತ್ತದೆ. ಬೇಸಿಗೆ ಬಂತೆಂದರೆ ನಮ್ಮೂರಲ್ಲಿ ಬೀದಿಗೊಂದು ಕಾಲಿಗೆ ಕಡ್ಡಿ. ಯಾರ ಹುಳ ಎಷ್ಟು ಸುತ್ತು ಬಂದಿದೆ ಎಂದು ನಾವು ಮಕ್ಕಳು ಮನೆಮನೆಗೆ ಹೋಗಿ ನೋಡಿ ಬರುತ್ತಿದ್ದೆವು. ದೊಡ್ಡವರೂ ಬೇಸರವಿಲ್ಲದೆ ತೋರಿಸುತ್ತಿದ್ದರು.

ನಮ್ಮೂರು ಕಲ್ಯಾಣದುರ್ಗದ ತಾಲ್ಲೂಕಿನಲ್ಲಿ, ಸೆಟ್ಟೂರಿನಿಂದ ಎರಡು ಹರಿದಾರಿ. ಅಲ್ಲಿ ಜಗಳ ಕನ್ನಡದಲ್ಲಿ ಶುರುವಾದರೆ ತೆಲುಗಿನಲ್ಲಿ ಮುಗಿಯುತ್ತಿತ್ತು. ಬೈಯಲು ಯಾವ ಭಾಷೆ ಚೆನ್ನ ಎಂಬ ವಿಷಯದಲ್ಲಿ ಊರಲ್ಲಿ ಎರಡು ಪಕ್ಷಗಳಿದ್ದವು. ಕುಡಿಯುವ ನೀರಿಗೆ ಇದ್ದದ್ದು ಒಂದೇ ಬಾವಿ, ಮೆಟ್ಟಿಲಿನ ಬಾವಿ. ಜನ ಕೊಡ ಹಿಡಿದು ಮೆಟ್ಟಿಲಿಳಿದು, ಮೊಳಕಾಲು ಮುಳುಗುವ ತನಕ ನೀರಿಗಿಳಿದು, ತುಂಬಿಕೊಂಡು ಬರುತ್ತಿದ್ದರು. ಹುಣ್ಣಿನ ಕಾಲೂ ಅದೇ ನೀರಿಗೆ, ಹುಣ್ಣಿಲ್ಲದ ಕಾಲೂ ಅದೇ ನೀರಿಗೆ. ಊರಾಚೆಯ ಕೇರಿಯವರು ಮಾತ್ರ ಇಳಿಯುವಂತಿರಲಿಲ್ಲ. ಅವರು ದಂಡೆಯ ಮೇಲೆ ಕೊಡ ಇಟ್ಟುಕೊಂಡು, ಯಾರಾದರೂ ತಂದು ಸುರಿಯುವ ತನಕ ನಿಂತಿರಬೇಕು. ನಾನು ಹುಟ್ಟಿದಂದಿನಿಂದ ಅವರು ಹಾಗೆ ನಿಂತೇ ಇದ್ದರು. ಬಾವಿಯ ಪಕ್ಕದ ಹುಣಸೆಮರವೂ ನಿಂತಿತ್ತು. ಯಾಕೆ ನಿಂತಿದ್ದೀರಿ ಎಂದು ನಾನು ಎರಡನ್ನೂ ಕೇಳಿದವನಲ್ಲ.

ಇಂಥ ಊರಿಗೆ ಹಿಂದೂಪುರದ ಕಡೆಯಿಂದ ಒಬ್ಬ ಮೇಷ್ಟ್ರು ಬಂದರು. ಕನ್ನಡದ ಮಕ್ಕಳಿಗೆ ಅವರು ಮೇಷ್ಟ್ರು, ತೆಲುಗಿನ ಮಕ್ಕಳಿಗೆ ಅಯ್ಯವಾರು. ಒಂದೇ ಕೋಣೆಯ ಶಾಲೆ, ನಾವು ಹದಿನೇಳು ಮಂದಿ. ಅವರ ಅಭ್ಯಾಸವೆಂದರೆ ಪ್ರಶ್ನೆ ಕೇಳಿ ನಶ್ಯದ ಡಬ್ಬಿ ತೆಗೆಯುವುದು. ನಶ್ಯ ಏರಿಸಿ, ಎರಡು ಸಲ ಸೀನಿ, ಮೂಗೊರೆಸಿಕೊಂಡು, ವಸ್ತ್ರ ಮಡಿಸಿ ಜೇಬಿಗಿಡುವ ತನಕ ನಮಗೆ ಯೋಚಿಸಲು ಬಿಡುವು. ಆಮೇಲೂ ಉತ್ತರ ಬರದಿದ್ದರೆ ಹೊಡೆಯುತ್ತಿರಲಿಲ್ಲ, ಉತ್ತರವನ್ನೂ ಹೇಳುತ್ತಿರಲಿಲ್ಲ. ನಾಳೆ ಮತ್ತೆ ಅದೇ ಪ್ರಶ್ನೆ. ಹೊಡೆದಿದ್ದರೆ ವಾಸಿಯಾಗಿತ್ತು ಎಂದು ನಮಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಒಂದು ದಿನ ಅವರು ಗಾಜಿನ ಲೋಟದಲ್ಲಿ ಬಾವಿಯ ನೀರು ತುಂಬಿಸಿ ಬಿಸಿಲಿಗಿಟ್ಟು, ಕೈಗೆ ಭೂತಗನ್ನಡಿ ಕೊಟ್ಟು, "ಏನು ಕಾಣುತ್ತೆ?" ಎಂದರು. ಒಬ್ಬೊಬ್ಬರಾಗಿ ಬಗ್ಗಿ ನೋಡಿದೆವು. ತಿಳಿನೀರಿನಲ್ಲಿ ಚಿಗಟದ ಹಾಗೆ ಕುಪ್ಪಳಿಸುವ ಚುಕ್ಕಿಗಳು! ಹುಟ್ಟಿದಂದಿನಿಂದ ಕುಡಿದ ನೀರು. ಕುರಿ ಸಾಕುವ ತೆಲುಗಿನವರ ಮನೆಯ ಓಬುಳಿ ಎಂಬ ಹುಡುಗಿ, ನನ್ನ ವಾರಿಗೆಯವಳು, ಕನ್ನಡಿಯನ್ನು ಬಿಡಲೇ ಒಲ್ಲಳು. "ಅಯ್ಯವಾರೂ, ವಾಟಿಕಿ ಕಾಳ್ಳುಂಟಾಯಾ?" ಎಂದಳು, ಅವಕ್ಕೆ ಕಾಲಿರುತ್ತವಾ ಎಂದು. ಮೇಷ್ಟ್ರಿಗೆ ಆ ಪ್ರಶ್ನೆ ಎಷ್ಟು ಹಿಡಿಸಿತೆಂದರೆ ನಶ್ಯ ಏರಿಸುವುದನ್ನೇ ಮರೆತರು. ಆಮೇಲೆ ನಿಧಾನವಾಗಿ ವಿವರಿಸಿದರು. ಹುಣ್ಣಿನ ಕಾಲು ನೀರಿಗೆ ಬಿದ್ದರೆ ಹುಳದ ಬೀಜ ನೀರು ಸೇರುತ್ತದೆ, ಬೀಜವನ್ನು ಈ ಚುಕ್ಕಿಗಳು ನುಂಗುತ್ತವೆ, ಚುಕ್ಕಿಗಳನ್ನು ನಾವು ನುಂಗುತ್ತೇವೆ. ಈ ಬೇಸಿಗೆ ನುಂಗಿದ್ದು ಮುಂದಿನ ಬೇಸಿಗೆಗೆ ಕಾಲಲ್ಲಿ ತಲೆ ಹಾಕುತ್ತದೆ. ಆವತ್ತು ಯಾರೂ ಮನೆಯಲ್ಲಿ ನೀರು ಕುಡಿಯಲಿಲ್ಲ. ಮಾರನೆಯ ದಿನ ಬಾಯಾರಿಕೆ ತಡೆಯಲಾರದೆ ಎಲ್ಲರೂ ಕುಡಿದೆವು.

ಹಾಗೆ ಶುರುವಾಯಿತು ನಮ್ಮ ಬಾವಿಯ ಕೆಲಸ. ಎರಡು ಕೆಲಸ. ಒಂದು, ಮನೆಮನೆಯಿಂದ ಹಳೆಯ ಪಂಚೆಯ ತುಂಡು ಬೇಡಿ ತಂದು, ಎರಡು ಮಡಿಕೆ ಮಾಡಿ, ಕೊಡದ ಬಾಯಿಗೆ ಕಟ್ಟಿ ಸೋಸುವುದನ್ನು ಹೇಳಿಕೊಡುವುದು. ಎರಡು, ಬೆಳಿಗ್ಗೆ ಸಂಜೆ ಬಾವಿಯ ಹತ್ತಿರ ನಿಲ್ಲುವುದು. ಕಾಲಿಗೆ ಹುಣ್ಣಿದ್ದವರು ಮೇಲಿನಿಂದ ಮೂರನೇ ಮೆಟ್ಟಿಲು ದಾಟಬಾರದು. ಅವರ ಕೊಡ ನಾವು ತುಂಬಿ ತಂದು ಕೊಡಬೇಕು. ವಾರಕ್ಕೊಬ್ಬರು ಮುಂದಾಳು, ಹಾಜರಿಯಲ್ಲಿ ಹೆಸರು ಇರುವ ಕ್ರಮದಲ್ಲಿ. ಮುಂದಾಳು ಮೂರನೇ ಮೆಟ್ಟಿಲಿನ ಮೇಲೆ ನಿಲ್ಲಬೇಕು. ಅವನಿಗೆ ಬೆತ್ತವಿಲ್ಲ, ದೂರು ಹೇಳುವ ಹಕ್ಕಿಲ್ಲ. ಬೆಳಗಿನ ಮೊದಲ ಕೊಡ ಅವನೇ ತುಂಬಿ ಹೊರಬೇಕು, ಆಮೇಲೆ ಬೇರೆಯವರಿಗೆ ಹೇಳಬೇಕು. ಮಕ್ಕಳಿಗೆ ಮುಂದಾಳುತನ ಕಲಿಸುವುದಕ್ಕೆ ಈಗ ಪೇಟೆಯ ಶಾಲೆಗಳಲ್ಲಿ ಎದೆಗೆ ಬಿಲ್ಲೆ ಸಿಕ್ಕಿಸುತ್ತಾರಂತೆ. ನಮಗೆ ಸಿಕ್ಕಿದ್ದು ತಲೆಯ ಮೇಲಿನ ಸಿಂಬಿ.

ನನ್ನ ವಾರ ಬಂತು. ಸೋಮವಾರ ಬೆಳಿಗ್ಗೆ ನಾನು ನಮ್ಮ ಸೋದರಮಾವನ ಹಳೆಯ ಕೋಟು ತೊಟ್ಟುಕೊಂಡು ಹೊರಟೆ. ಕೋಟು ಮೊಳಕಾಲಿನ ತನಕ ಬರುತ್ತಿತ್ತು, ತೋಳಿನೊಳಗೆ ಕೈ ಎಲ್ಲಿದೆಯೆಂದು ನನಗೇ ತಿಳಿಯುತ್ತಿರಲಿಲ್ಲ. ಅಮ್ಮ ನೋಡಿ, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡ್ಕಂಡ್ನಂತೆ" ಎಂದು ರೊಟ್ಟಿ ತಟ್ಟುತ್ತಲೇ ಹೇಳಿದಳು. ನಾನು ಕೇಳದವನ ಹಾಗೆ ಹೋದೆ. ಮುಂದಾಳಿಗೆ ಹೊಸದೇನಾದರೂ ಮಾಡಿ ತೋರಿಸಬೇಕೆಂಬ ಚಪಲ ಇರುತ್ತದಲ್ಲ? ಸೋಸುವ ಬಟ್ಟೆಗಳೆಲ್ಲ ಕೊಳೆಯಾಗಿವೆ, ಎಲ್ಲವನ್ನೂ ಒಂದೇ ಸಲ ಒಗೆದು ಕೊಡೋಣ ಎಂದು ಅಪ್ಪಣೆ ಮಾಡಿದೆ. ಹದಿನಾರು ಮಂದಿ ಊರೆಲ್ಲ ಸುತ್ತಿ ಬಟ್ಟೆ ತಂದರು. ಸಾಲಾಗಿ ಕುಳಿತು, ಕುಕ್ಕಿ ಕುಕ್ಕಿ ಒಗೆದು, ಹುಣಸೆಮರದ ಕೊಂಬೆಗಳಿಗೆಲ್ಲ ಹರವಿದೆವು. ಮದುವೆಮನೆಯ ಹಾಗೆ ಕಾಣುತ್ತಿತ್ತು. ನಾನು ಕೋಟಿನ ತೋಳು ಮಡಿಸಿಕೊಂಡು ಮೇಷ್ಟ್ರನ್ನು ಕರೆತಂದು ತೋರಿಸಿದೆ.

"ಚೆನ್ನಾಗಿದೆ," ಎಂದರು ಮೇಷ್ಟ್ರು. "ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಚುಕ್ಕಿಗಳು ಈಗ ಎಲ್ಲಿವೆಯಪ್ಪ?"

"ಒಗೆದ್ಬುಟ್ವಿ ಸಾರ್, ಒಂದೂ ಬಿಡದಂಗೆ."

"ಎಲ್ಲಿ ಒಗೆದಿರಿ?"

"ಬಾವಿಲಿ ಸಾರ್."

ಅವರು ನಶ್ಯದ ಡಬ್ಬಿ ತೆಗೆದರು. ಆವತ್ತು ಎರಡು ಸೀನೂ ಬೇಕಾಗಲಿಲ್ಲ. ಊರಿನವರು ಎಂಟು ದಿನ ಸೋಸಿ ಸೋಸಿ ಹಿಡಿದಿದ್ದನ್ನೆಲ್ಲ ನಾನು ಒಂದೇ ಬೆಳಿಗ್ಗೆ ಬಾವಿಗೆ ಹಿಂದಕ್ಕೆ ಒಪ್ಪಿಸಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಓಬುಳಿ ಮಾತ್ರ ನಗಲಿಲ್ಲ. "ನಾನೂ ಒಗೆದ್ನಲ್ಲಾ, ನಂಗೂ ಹೊಳೀಲಿಲ್ಲ," ಎಂದಳು. ಮಾರನೆಯ ದಿನದಿಂದ ಬಟ್ಟೆಗಳನ್ನು ದೂರದ ಬಯಲಿಗೆ ಒಯ್ದು ಜಾಡಿಸಿ ಬಿಸಿಲಿಗೆ ಹಾಕುವುದೆಂದಾಯಿತು. ಕೋಟು ನಾನು ಮತ್ತೆ ತೊಡಲಿಲ್ಲ.

ಆದರೆ ನನ್ನನ್ನು ಆ ವಾರವೆಲ್ಲ ಒಳಗೊಳಗೇ ತಿನ್ನುತ್ತಿದ್ದ ಭಯ ಬೇರೆ. ನಮ್ಮ ತಾತನ ಎಡಗಾಲಿಗೆ ಆ ಬೇಸಿಗೆ ಹುಣ್ಣು ಎದ್ದಿತ್ತು. ಸಂಜೆ ಹೊತ್ತು ಅವನು ಕೋಲೂರಿಕೊಂಡು ಬಾವಿಗೆ ಹೋಗಿ, ಕಟ್ಟಕಡೆಯ ಮೆಟ್ಟಿಲ ಮೇಲೆ ಕುಳಿತು, ಕಾಲನ್ನು ನೀರಿಗಿಳಿಬಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಊರಿಗೆ ಹಿರಿಯ. ಅವನ ಎದುರು ಬಾಯಿ ಬಿಡುವ ಗಂಡಸು ನಮ್ಮೂರಲ್ಲಿ ಹುಟ್ಟಿರಲಿಲ್ಲ. ಹಿಂದಿನ ವಾರ ಅವನಿಗೆ ಜ್ವರ ಬಂದು ಮನೆಯಲ್ಲೇ ಇದ್ದುದರಿಂದ ಹಿಂದಿನ ಮುಂದಾಳು ಬಚಾವಾಗಿದ್ದ. ತಾತನೊಬ್ಬ ಇಳಿದರೆ ಎಲ್ಲರೂ ಇಳಿಯುತ್ತಾರೆ, ಮಕ್ಕಳ ಕಾವಲು ಆವತ್ತಿಗೇ ಮುಗಿಯಿತು. ತಡೆದರೆ? ಮನೆಯಲ್ಲಿ ಅವನ ತಟ್ಟೆಯ ಪಕ್ಕದಲ್ಲೇ ನನ್ನ ತಟ್ಟೆ, ಅವನ ಕಂಬಳಿಯೊಳಗೇ ನನ್ನ ನಿದ್ದೆ.

ಬುಧವಾರ ಜ್ವರ ಬಿಟ್ಟಿತು. "ಸಂಜೆ ಬಾವಿ ತಾವ ಹೋಯ್ತೀನಿ," ಎಂದ ತಾತ. ಮಧ್ಯಾಹ್ನದಿಂದಲೇ ನನಗೆ ಹೊಟ್ಟೆನೋವು ಬಂತು. ಬಂತು ಅನ್ನುವುದಕ್ಕಿಂತ ತರಿಸಿಕೊಂಡೆ ಅನ್ನಿ. ಓಬುಳಿಯನ್ನು ಕರೆದು, "ಈವತ್ತೊಂದಿನ ನೀನು ನಿಂತ್ಕ, ನಂಗೆ ಹೊಟ್ಟೆ ಹಿಂಡ್ತೈತೆ," ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, "ಸರೇ," ಎಂದಳು. ಮನೆಗೆ ಹೋದರೆ ಅಮ್ಮ ಇಂಗು ನುಂಗಿಸುತ್ತಾಳೆ. ಅಲ್ಲದೆ ಏನಾಗುತ್ತದೆಂದು ನೋಡದೆ ಇರಲೂ ಆಗದು. ಹುಣಸೆಮರದ ಹಿಂದೆ ಹೋಗಿ ಕುಳಿತೆ.

ತಾತ ಬಂದ. ಓಬುಳಿ ಮೂರನೇ ಮೆಟ್ಟಿಲಿನ ಮೇಲೆ ಎರಡೂ ಕೈ ಚಾಚಿ ನಿಂತಳು.

"ತಾತಾ, ದಿಗೊದ್ದು! ಇಳಿಬ್ಯಾಡ. ನಾನೇ ತಂದ್ಕೊಡ್ತೀನಿ."

"ಏನಮ್ಮಿ? ಮೇಲೆ ನಿಂತು ಕಾಯಾಕೆ ನಾನೇನು ಹೊರಗಿನೋನಾ? ಈ ಬಾವಿಗೆ ಮೊದಲ್ನೇ ಗುದ್ಲಿ ಹಾಕ್ದೋನು ನಮ್ಮಪ್ಪ."

"ಅಯ್ಯವಾರು ಹೇಳವ್ರೆ ತಾತಾ. ನೀರು ಕೆಡ್ತೈತೆ."

ತಾತ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಚಾಚಿದ ಕೈಯನ್ನು ಬಾಗಿಲಿನ ಚಿಲಕ ಸರಿಸುವ ಹಾಗೆ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಂದೊಂದೇ ಮೆಟ್ಟಿಲಿಳಿದು ಹೋಗಿ, ಕಾಲು ನೀರಿಗಿಟ್ಟ. "ದೊಡ್ಡೋರೇ ಇಳಿದ್ರು, ನಮ್ದೇನಂತೆ," ಎಂದು ಮೇಲೆ ಕಾದಿದ್ದ ಹುಣ್ಣಿನ ಕಾಲಿನವರೆಲ್ಲ ಇಳಿದರು. ಓಬುಳಿ ಒಬ್ಬೊಬ್ಬರ ಸೆರಗು ಪಂಚೆ ಹಿಡಿದು ಎಳೆದು ಕೂಗಿದಳು, ಕನ್ನಡದಲ್ಲಿ ಕೂಗಿದಳು, ತೆಲುಗಿನಲ್ಲಿ ಕೂಗಿದಳು, ಕೊನೆಗೆ ಗಂಟಲು ಕಟ್ಟಿಹೋಯಿತು. ಯಾರೋ ನಕ್ಕರು. ನಾನು ಮರದ ಹಿಂದೆ ಕಿವಿ ಮುಚ್ಚಿಕೊಂಡೆ. ಎಲ್ಲರೂ ಹೋದ ಮೇಲೆ ಅವಳು ನೀರಿನಂಚಿಗೆ ಇಳಿದು, ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ಗಟಗಟ ಕುಡಿದದ್ದನ್ನು ನಾನು ಕಂಡೆ. ಸೋಸದ ನೀರು. ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ನಾನು ಅಲ್ಲಿರುವುದು ತಿಳಿಯುತ್ತದೆ. ಬಾಯಿ ಮುಚ್ಚಿಕೊಂಡೆ.

ಮಾರನೆಯ ದಿನ ಶಾಲೆಯಲ್ಲಿ ಮೇಷ್ಟ್ರು, "ನಿನ್ನೆ ಸಂಜೆ ಮೆಟ್ಟಿಲಿನ ಮೇಲೆ ಯಾರಿದ್ದರು?" ಎಂದರು.

"ನಾನು ಅಯ್ಯವಾರೂ. ಅವನಿಗೆ ಹೊಟ್ಟೆನೋವಾಗಿತ್ತು," ಎಂದಳು ಓಬುಳಿ, ಒಡೆದ ದನಿಯಲ್ಲಿ.

ಮೇಷ್ಟ್ರು ನನ್ನ ಹೊಟ್ಟೆಯ ಕಡೆ ನೋಡಿದರು. "ಸರಿ. ನಿಮ್ಮ ತಾತ ಯಾಕೆ ಇಳಿಯುತ್ತಾರೆ?"

"ಹಟ ಸಾರ್."

"ಅವರನ್ನು ಕೇಳಿದೆಯಾ?"

ನಶ್ಯ. ಒಂದು ಸೀನು. ಎರಡು ಸೀನು. ಕೇಳಿರಲಿಲ್ಲ. ಸಾವಿರ ಸಲ ಅವನ ಬೆನ್ನೇರಿ ಕುಳಿತಿದ್ದ ನಾನು ಈ ಒಂದು ಮಾತು ಕೇಳಿರಲಿಲ್ಲ. ತುಂಬ ಹತ್ತಿರದವರ ವಿಷಯದಲ್ಲಿ ನಮಗೆ ಕುತೂಹಲವೇ ಇರುವುದಿಲ್ಲ ನೋಡಿ. ಗೊತ್ತಿದೆ ಎಂದುಕೊಂಡು ಬಿಟ್ಟಿರುತ್ತೇವೆ. ಮಧ್ಯಾಹ್ನ ಉಣ್ಣಲು ಹೋದವನು ದನದ ಕೊಟ್ಟಿಗೆಯ ಪಕ್ಕ ಕುಳಿತು ಹುಣ್ಣಿಗೆ ಹರಳೆಲೆ ಕಟ್ಟಿಕೊಳ್ಳುತ್ತಿದ್ದ ತಾತನ ಹತ್ತಿರ ಕುಕ್ಕರಿಸಿದೆ.

"ತಾತ, ಬಾವೀಗೆ ಯಾಕೆ ಇಳೀತೀಯ?"

"ಉರೀತೈತೆ ಕಣ್ಲಾ. ನೀರಿಗಿಟ್ರೆ ತಣ್ಣಗಾಯ್ತೈತೆ."

"ಅಷ್ಟೇನಾ?"

ಅವನು ಎಲೆ ಕಟ್ಟುವುದನ್ನು ನಿಲ್ಲಿಸಿದ. "ಉರೀನಾದ್ರೂ ತಡ್ಕಬೋದು. ಮೇಲೆ ನಿಂತ್ಕಂಡು, ಯಾರೋ ತಂದು ಉಯ್ಯೋದು, ನಾನು ಕೊಡ ಒಡ್ಡೋದು... ನನ್ ಕೈಲಾಗಾಕಿಲ್ಲ ಕಣಪ್ಪ. ಸತ್ರೂ ಆಗಾಕಿಲ್ಲ."

ಆಗ ಹೊಳೆಯಿತು. ನಾವು ಮಕ್ಕಳು ನೀರನ್ನು ಮಾತ್ರ ನೋಡಿದ್ದೆವು. ಕೇರಿಯವರ ಹಾಗೆ ಮೇಲೆ ನಿಲ್ಲಿಸಿ ನೀರು ಸುರಿದರೆ ಊರಿನ ಕಣ್ಣಿಗೆ ಅದು ಏನಾಗುತ್ತದೆಂದು ಹದಿನೇಳು ತಲೆಗಳಲ್ಲಿ ಒಂದಕ್ಕೂ ತೋಚಿರಲಿಲ್ಲ. ಓಡಿಹೋಗಿ ಓಬುಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದು, "ಅಂಗಾದ್ರೆ ಉಯ್ಯೋದು ಬ್ಯಾಡ. ಬಾನಿ ತುಂಬಿಸಿಡಾನ," ಎಂದಳು. ಹುಣಸೆಮರದ ಕೆಳಗೆ ದನ ನೀರು ಕುಡಿಯುವ ಒಂದು ಕಲ್ಲುಬಾನಿ ಇತ್ತು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮೇಷ್ಟ್ರು ಆವತ್ತು ಮಧ್ಯಾಹ್ನದ ಲೆಕ್ಕದ ಪಾಠ ಬಿಟ್ಟರು. ಬಾನಿಯನ್ನು ತೆಂಗಿನ ನಾರಿನಿಂದ ಉಜ್ಜಿ, ಬಾವಿಯ ಕೆಳಗಿನ ಮೆಟ್ಟಿಲಿನಿಂದ ಮರದ ತನಕ ಸಾಲಾಗಿ ನಿಂತು, ಕೈಯಿಂದ ಕೈಗೆ ಕೊಡ ದಾಟಿಸಿ ತುಂಬಿಸಿದೆವು. ಬಾನಿಯ ನೀರು ಬಾವಿಯ ಕಡೆ ಹರಿಯದಂತೆ ಆಚೆ ಕಡೆಗೆ ಕಾಲುವೆ ಕೊರೆದೆವು.

ಸಂಜೆ ಮೂರನೇ ಮೆಟ್ಟಿಲಿನ ಮೇಲೆ ನಾನು ನಿಂತೆ. ತಾತ ಕೋಲು ಕುಟ್ಟುತ್ತ ಬಂದು ಎದುರಿಗೆ ನಿಂತ.

"ಹೊಟ್ಟೆನೋವು ವಾಸಿಯಾಯ್ತೇನ್ಲಾ?"

"ಊಂ. ತಾತ, ಇಳಿಬ್ಯಾಡ."

"ಇಳಿದ್ರೆ ಏನ್ಮಾಡ್ತೀಯ?"

"ನಿನ್ ಕಾಲು ಹಿಡ್ಕಂತೀನಿ. ಬಿಡಾಕಿಲ್ಲ." ದನಿ ಅಳುವಿಗೆ ತಿರುಗಿತ್ತು. "ಅಲ್ಲಿ ಬಾನಿ ತುಂಬ ನೀರೈತೆ. ಬಾವಿ ನೀರೇ, ತಣ್ಣಗೈತೆ. ಯಾರೂ ನಿಂಗೆ ಉಯ್ಯಾಕಿಲ್ಲ ತಾತ. ನೀನೇ ಕಾಲಿಡ್ಬೋದು."

ತಾತ ನನ್ನನ್ನು ನೋಡಲಿಲ್ಲ. ದಂಡೆಯ ಮೇಲೆ ಖಾಲಿ ಕೊಡಗಳ ಪಕ್ಕ ನಿಂತಿದ್ದ ಕೇರಿಯವರ ಕಡೆ ನೋಡಿದ. ಅವನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ಹೊಸದಾಗಿ ಯಾರೋ ಊರಿಗೆ ಬಂದಿದ್ದಾರೇನೋ ಅನ್ನುವಂತೆ.

"ಎಷ್ಟೊತ್ತಿಂದ ನಿಂತಿದ್ದೀರಿ?" ಎಂದು ಕೇಳಿದ.

ಅವರಲ್ಲೊಬ್ಬ ಮುದುಕಿ ಗಾಬರಿಯಾಗಿ, "ಉಂಡೊತ್ತಿಂದ ಸಾಮಿ," ಎಂದಳು.

"ಮೊದ್ಲು ಇವ್ರ ಕೊಡ ತುಂಬ್ರಲಾ," ಎಂದು ತಾತ ನಮಗೆ ಹೇಳಿ, ಹೋಗಿ ಬಾನಿಯ ಅಂಚಿನ ಮೇಲೆ ಕುಳಿತು, ಕಾಲು ಇಳಿಬಿಟ್ಟ. ಊರು ಅದರಿಂದ ಬದಲಾಗಿಬಿಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರು ಮೆಟ್ಟಿಲಿಳಿಯುವುದನ್ನು ನಾನು ಊರು ಬಿಡುವ ತನಕ ಕಾಣಲಿಲ್ಲ. ಅವರ ಕೊಡ ಮೊದಲು ತುಂಬುವುದು ಮಾತ್ರ ಮಕ್ಕಳ ಪಾಲಿಗೆ ನಿಯಮವಾಯಿತು. ಹುಣ್ಣಿನ ಕಾಲಿನವರು ಆವತ್ತಿನಿಂದ ಬಾನಿಯ ಸುತ್ತ ಕೂಡತೊಡಗಿದರು. ಆಮೇಲಾಮೇಲೆ ಹುಣ್ಣಿಲ್ಲದವರೂ ಹರಟೆಗೆಂದು ಬಂದು ಕುಳಿತರು. ನಾವು ನೀರು ಹೊತ್ತೂ ಹೊತ್ತೂ ನೆತ್ತಿ ಸವೆಸಿಕೊಂಡೆವು.

ಮುಂದಿನ ಬೇಸಿಗೆಗೆ ಊರಲ್ಲಿ ಕಡ್ಡಿ ಕಟ್ಟಿದ ಕಾಲುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದ್ದವು. ಆ ಕೆಲವೇ ಕಾಲುಗಳಲ್ಲಿ ಒಂದು ಓಬುಳಿಯದು.

ಮಂಡಿಯ ಹಿಂದೆ ಎದ್ದಿತ್ತು, ಕೆಟ್ಟ ಜಾಗ. ಅವರ ಮನೆಯವರು ಮೇವು ಹುಡುಕಿಕೊಂಡು ಕುರಿ ಹೊಡೆದುಕೊಂಡು ಹೊರಡುವ ಹೊತ್ತು. ಹದಿನೈದು ದಿನ ಕಾಯುವ ಹಾಗಿಲ್ಲ. ಅವರಪ್ಪ ಅವಸರದಲ್ಲಿ ಎಳೆದ, ತುಂಡಾಯಿತು. ಮೂರು ತಿಂಗಳು ಮಲಗಿದಳು. ಎದ್ದಾಗ ಮಂಡಿ ಮಡಿಸಲು ಬರುತ್ತಿರಲಿಲ್ಲ. ಮೇಷ್ಟ್ರು ಎರಡು ಸಲ ಅವರ ಹಟ್ಟಿಯ ತನಕ ನಡೆದುಕೊಂಡು ಹೋಗಿ ಬಂದರು. ಅವಳು ಶಾಲೆಗೆ ಮತ್ತೆ ಬರಲಿಲ್ಲ. ಆ ಬೇಸಿಗೆಯೆಲ್ಲ ನಾನು ಬೆಳಿಗ್ಗೆ ಎದ್ದ ಕೂಡಲೇ ನನ್ನ ಕಾಲುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಒಂದು ಗುಳ್ಳೆಯೂ ಏಳಲಿಲ್ಲ. ಎದ್ದಿದ್ದರೆ ಮನಸ್ಸಿಗೆ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ. ಬೊಗಸೆ ಎತ್ತಿ ಅವಳು ನೀರು ಕುಡಿದದ್ದು, ನಾನು ಬಾಯಿ ತೆರೆದು ಮುಚ್ಚಿಕೊಂಡದ್ದು, ಇವೆರಡನ್ನೂ ನಾನು ಯಾರಿಗೂ ಹೇಳಲಿಲ್ಲ. ತಾತನಿಗೂ ಹೇಳಲಿಲ್ಲ. ತಾತ ಹೋಗಿ ಈಗ ಎಷ್ಟೋ ವರ್ಷವಾಯಿತು.

ಬಾನಿಯ ಕಥೆಯನ್ನು ಮಾತ್ರ ಬೇಕಾದಷ್ಟು ಜನಕ್ಕೆ ಹೇಳಿದ್ದೇನೆ. ಅಂಗಡಿಗೆ ಬಂದ ಗಿರಾಕಿ, ಪಕ್ಕದಂಗಡಿಯ ಶೆಟ್ಟರು, ಹುಣಸೆಹಣ್ಣಿನ ಗಾಡಿಯವರು, ಯಾರೂ ತಪ್ಪಿಸಿಕೊಂಡಿಲ್ಲ. ಆ ಕಥೆಯಲ್ಲಿ ಬುಧವಾರವೇ ಬರುವುದಿಲ್ಲ. ಸೋಮವಾರ ಬಟ್ಟೆ ಒಗೆದು ನಗೆಪಾಟಲಾದ ಹುಡುಗ ನೇರವಾಗಿ ಗುರುವಾರಕ್ಕೆ ಹಾರಿ, ಮೂರನೇ ಮೆಟ್ಟಿಲಿನ ಮೇಲೆ ನಿಂತು ತಾತನನ್ನು ತಡೆಯುತ್ತಾನೆ. ಕೇಳಿದವರು ತಲೆದೂಗುತ್ತಾರೆ. ನನಗೂ ಅದೇ ನಿಜವೆನ್ನಿಸುವಷ್ಟು ಅಭ್ಯಾಸವಾಗಿಹೋಗಿತ್ತು.

ಹೋದ ತಿಂಗಳು ನೆಂಟರ ಮನೆಯ ನಿಶ್ಚಿತಾರ್ಥಕ್ಕೆಂದು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಆವತ್ತು ಸಂತೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಕಂಬಳಿ ಮಾರುವವರ ಸಾಲಿನಲ್ಲಿ ಸುಮ್ಮನೆ ಹೋಗುತ್ತಿದ್ದೆ. ಒಬ್ಬಾಕೆ ಒಂದು ಕಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿಕೊಂಡು ಕುಳಿತಿದ್ದಳು. ಆ ಕಾಲನ್ನು ನೋಡಿ ನಾನು ನಿಂತೆ, ಮುಖ ನೋಡುವಷ್ಟರಲ್ಲಿ ಅವಳೇ, "ಏಮಪ್ಪಾ, ಹಿಂದೂಪುರದ ಸಾವ್ಕಾರ!" ಎಂದಳು. ಓಬುಳಮ್ಮ! ನಾನು ಕಂಬಳಿಯ ಅಂಚಿನ ಮೇಲೆ ಕುಳಿತೆ. ಗಂಡ, ಇಬ್ಬರು ಮಕ್ಕಳು, ಕುರಿ, ಮಳೆ, ಎಲ್ಲವೂ ಆಯಿತು. ಕುರಿಯ ಹಿಂದೆ ಹೋದಲ್ಲೆಲ್ಲ ಸೆರಗಿನಲ್ಲಿ ಸೋಸಿಯೇ ಕುಡಿಯುತ್ತಾಳಂತೆ, ಹಟ್ಟಿಯವರಿಗೂ ಕುಡಿಸುತ್ತಾಳಂತೆ. "ನಾನ್ ಅಂಗೆ ಮಾಡಿಸ್ತೀನಿ ಅಂತ ನಮ್ಮತ್ತೆ ನಂಗೆ ಹೆಡ್ ಮಾಸ್ಟ್ರು ಅಂತಿದ್ಲು," ಎಂದು ನಕ್ಕಳು.

ನನ್ನ ಕಣ್ಣು ಮತ್ತೆ ಅವಳ ಮಂಡಿಯ ಮೇಲೆ ಹೋಯಿತು. ಇಪ್ಪತ್ತು ವರ್ಷ ಅದುಮಿಟ್ಟಿದ್ದು ಬಾಯಿಗೆ ಬಂತು.

"ಓಬುಳಮ್ಮ, ಅವತ್ತು ಬುಧವಾರ ನಂಗೆ ಹೊಟ್ಟೆನೋವು ಇರ್ಲಿಲ್ಲ."

"ಗೊತ್ತು."

"ಹುಣಸೆಮರದ ಹಿಂದೆ ಕುಂತಿದ್ದೆ."

"ಗೊತ್ತು ಕಣಪ್ಪ. ನಿನ್ ಎರಡು ಪಾದ ಕಾಣ್ತಾ ಇದ್ವು, ಬೇರಿನ ಸಂದೀಲಿ."

"ಮತ್ತೆ ಮೇಷ್ಟ್ರಿಗೆ ಯಾಕೆ ಹೇಳ್ಲಿಲ್ಲ?"

ಅವಳು ಕಂಬಳಿಯೊಂದನ್ನು ಮಡಿಸುತ್ತ ಹೇಳಿದಳು. "ಹೇಳಿದ್ರೆ ಬೇಸ್ತವಾರ ನೀನು ಬತ್ತಿರ್ಲಿಲ್ಲ, ನಾಚ್ಕಂಡು ಮನ್ಯಾಗೇ ಕುಂತ್ಬುಡ್ತಿದ್ದೆ. ನಿಮ್ ತಾತನ್ನ ನಿಲ್ಸಾಕೆ ನನ್ ಕೈಲಂತೂ ಆಗ್ಲಿಲ್ಲ. ಆಗೋದಾದ್ರೆ ನಿನ್ ಕೈಲೇ ಆಗ್ಬೇಕಿತ್ತು. ಅದ್ಕೇ ನಿನ್ನ ಉಳಿಸ್ಕಂಡೆ."

ನಾನು ಮಂಡಿಯ ಕಡೆ ಕೈ ತೋರಿಸಿದೆ.

"ಇದಾ? ಅವತ್ತಿನ ನೀರೋ, ಇನ್ಯಾವತ್ತಿಂದೋ. ಯಾರಿಗೆ ಗೊತ್ತು? ಹೋಗು, ಬಸ್ಸು ಬತ್ತೈತೆ."

ಬಸ್ಸಿನಲ್ಲಿ ಹಿಂದೂಪುರದ ತನಕ ನನಗೆ ಅದೇ ಯೋಚನೆ. ಒಂಬತ್ತು ವರ್ಷದ ಹುಡುಗಿ, ಗಂಟಲು ಕಟ್ಟಿ, ಊರಿನವರೆದುರು ಸೋತು ನಿಂತಾಗಲೂ, ಮರದ ಹಿಂದಿನ ಎರಡು ಪಾದಗಳನ್ನು ಕಂಡು, ನಾಳೆಗೆ ಅವು ಬೇಕಾಗುತ್ತವೆಂದು ಲೆಕ್ಕ ಹಾಕಿದ್ದಳಲ್ಲ! ಅದನ್ನು ಅವಳಿಗೆ ಯಾರು ಕಲಿಸಿದರು? ಮೇಷ್ಟ್ರೇ? ಕುರಿಯೇ? ಅಥವಾ ಅದು ಕಲಿಸಿದರೆ ಬರುವುದಲ್ಲವೇ? ನನಗೆ ಇನ್ನೂ ಬಗೆಹರಿದಿಲ್ಲ. ಈಗ ಇರುವ ಕೆಲಸವೆಂದರೆ ಕಥೆ ತಿದ್ದುವುದು. ಕೇಳಿದವರೆಲ್ಲ ಈ ಪೇಟೆಯಲ್ಲೇ ಇದ್ದಾರೆ. ಒಬ್ಬೊಬ್ಬರನ್ನೇ ಹಿಡಿದು, ಬುಧವಾರವನ್ನು ಸೇರಿಸಿ, ಮೊದಲಿನಿಂದ ಹೇಳಬೇಕು. ನಿನ್ನೆ ಪಕ್ಕದಂಗಡಿಯ ಶೆಟ್ಟರಿಂದ ಶುರು ಮಾಡಿದೆ. ಆ ವಾರ ನಮ್ಮ ಶಾಲೆಯ ಮುಂದಾಳು ಓಬುಳಮ್ಮ ಅಂತ, ಎಂದೆ.

"ನೀವೇ ಅಂತಿದ್ರಲ್ಲ ಸ್ವಾಮಿ?" ಎಂದರು ಶೆಟ್ಟರು.

"ಸರದಿ ನನ್ನದಿತ್ತು," ಎಂದೆ.